ತಾತ ಇನ್ನೂ ಉಣ್ತಾವ್ನೆ

ನಾನು ಮೈಸೂರಿನಲ್ಲಿ ಬಿ.ಎ. ಓದಿದವಳು. ದೆವ್ವ ಭೂತ ಅಂತ ಹೇಳಿಕೊಂಡು ತಿರುಗುವವಳಲ್ಲ. ದಿನಾಂಕ ಹಾಕಿ ಬರೆದಿಟ್ಟದ್ದನ್ನು ಮಾತ್ರ ಹೇಳುತ್ತೇನೆ.

೨೦೨೩, ಜೂನ್ ಎರಡು, ಶುಕ್ರವಾರ. ಅರಕಲಗೂಡಿನ ಕೊನೆಯ ಬಸ್ಸು ನನ್ನ ಚಿಕ್ಕಪ್ಪನ ಮಗ ಸುನೀಲ್‌ಕುಮಾರನನ್ನು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಊರಿಗೆ ಆಲದ ಮರ ದಾಟಿ ಬರಬೇಕು. ಮರದ ಬುಡದಲ್ಲಿ ಸದ್ದು. ಚಪ್... ಚಪ್... ಹಲ್ಲಿಲ್ಲದ ಬಾಯಿ ಉಣ್ಣುವ ಸದ್ದು.

ಯಾರ ಬಾಯಿ ಅಂತ ಅವನಿಗೆ ಗೊತ್ತಾಯಿತು.

ಹತ್ತು ದಿನ ಮುಂಚೆ ನಮ್ಮ ಮನೆಯಲ್ಲಿ ನನ್ನ ಮಗಳು ನಿಖಿತಾಳ ಬೀಗರೂಟ. ನಮ್ಮಲ್ಲಿ ಪಂಕ್ತಿಯ ಕೊನೆಯವರು ಉಂಡು ಮುಗಿಸುವವರೆಗೆ ಯಾರೂ ಏಳುವುದಿಲ್ಲ. ಒಬ್ಬ ಎದ್ದರೆ ಇಡೀ ಸಾಲು ಏಳಬೇಕು, ಎಲೆಯಲ್ಲಿ ಏನೇ ಉಳಿದಿರಲಿ. ಸುನೀಲನ ಪಕ್ಕ ಮರಿಯಣ್ಣ ತಾತ ಕೂತಿದ್ದ. ಎಂಬತ್ನಾಲ್ಕು ವರ್ಷ, ಒಂಟಿ. ಬೀಗರೂಟ ಅಂತ ಹಿಂದಿನ ರಾತ್ರಿಯಿಂದ ಹಸಿದು ಬಂದಿದ್ದ. ಸುನೀಲನಿಗೆ ಶುಂಠಿ ತುಂಬುವ ಲಾರಿ ಕಾಯುತ್ತಿತ್ತು. ಗಬಗಬ ಉಂಡು ಎದ್ದ.

“ಒಂಚೂರು ತಡಿ ಮಗಾ. ಈಗ್ತಾನೆ ಮುದ್ದೆ ಮುರ್ದಿವ್ನಿ.”

“ಹಲ್ಲಿಲ್ದೋನು ಬಾಡೂಟಕ್ಕೆ ಯಾಕ್ ಬಂದೆ ತಾತ? ಮನೇಲಿ ಗಂಜಿ ಕುಡ್ಕಂಡ್ ಬಿದ್ದಿರ್ಬೇಕಿತ್ತು ಕಣ.”

ಸಾಲಿಗೆ ಸಾಲೇ ನಕ್ಕಿತು. ಬಡಿಸುತ್ತಿದ್ದ ನಾನೂ ನಕ್ಕೆ. ತಾತ ತುಂಬಿದ ಎಲೆ ಮಡಚಿ ಎದ್ದುಹೋದ. ಮೂರನೆಯ ದಿನ ಸತ್ತ.

ಆ ಶುಕ್ರವಾರ ರಾತ್ರಿ ಮರದಡಿ ಎರಡು ಎಲೆ ಹಾಸಿತ್ತಂತೆ. ಇದನ್ನು ಸುನೀಲನೇ ನನಗೆ ಹೇಳಿದ್ದು.

“ಕೂತ್ಕ ಮಗಾ.”

“ನಂದು... ನಂದು ಊಟ ಆಯ್ತು ತಾತ.”

“ನಂದಾಗಿಲ್ಲ ಕಣಪ್ಪಾ.”

ಅವನು ಮನೆ ಸೇರಿದ್ದು ಬೆಳಗ್ಗೆ ಐದೂವರೆಗೆ. ಬಲಗೈ ಬೆರಳುಗಳಲ್ಲಿ ಬಾಡಿನ ಸಾರು ಒಣಗಿತ್ತು.

ಅವತ್ತಿನಿಂದ ಸುನೀಲ ಉಣ್ಣಲಿಲ್ಲ. ಹೆಂಡತಿ ಲತಾ ಬಡಿಸುತ್ತಾಳೆ. ತಟ್ಟೆಯ ಮುಂದೆ ಕೈ ಕಟ್ಟಿ ಕೂರುತ್ತಾನೆ.

“ಉಣ್ಣಿ ಅಂದ್ರೆ...”

“ಶ್... ದೊಡ್ಡೋರು ಮೊದ್ಲು ಮುಗಿಸ್ಲಿ.”

“ಯಾರವ್ರೆ ಇಲ್ಲಿ?”

“ಮೆತ್ತಗ್ ಮಾತಾಡೇ. ತಾತ ಇನ್ನೂ ಉಣ್ತಾವ್ನೆ.”

ಲತಾ ತುತ್ತು ಮಾಡಿ ಅವನ ಬಾಯಿಗಿಟ್ಟಳು. ದವಡೆ ಬಿಚ್ಚಲಿಲ್ಲ. ಹೊಟ್ಟೆ ಗೊರ್... ಗೊರ್... ಅನ್ನುವುದು ನನಗೆ ಹಜಾರದವರೆಗೂ ಕೇಳಿಸುತ್ತಿತ್ತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಪಕ್ಕಕ್ಕೆ ತಿರುಗಿ, “ಇನ್ನೊಂದು ಮುದ್ದೆ ಆಕ್ಸಲಾ ತಾತ?” ಅಂತ ಕೇಳುತ್ತಿದ್ದ. ಹುಟ್ಟಿದಾರಭ್ಯ ಅವನ ಬಾಯಲ್ಲಿ ಅಂಥ ಮರ್ಯಾದೆಯ ಮಾತು ನಾನು ಕೇಳಿರಲಿಲ್ಲ.

ನಾನೇ ಹೋಗಿ ಆಲದ ಮರದಡಿ ಎಲೆ ಹಾಕಿ, ಬಾಡೂಟ ಬಡಿಸಿ, ತಪ್ಪಾಯಿತು ಅಂತ ಕೈ ಮುಗಿದು ಬಂದೆ. ಮಾರನೆಯ ದಿನ ನೋಡಿದರೆ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಕಾಗೆ ಕೂಡ ಮುಟ್ಟಿರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಲತಾಳನ್ನು ಗದರಿದರು. “ಎಷ್ಟು ದಿನದಿಂದ ಉಪವಾಸ ಕೆಡವಿದ್ದೀಯಮ್ಮಾ?”

“ದಿನಾ ಬಡಿಸ್ತೀನಿ ಸಾ. ಬೆಳಗ್ಗೆ ತಟ್ಟೆ ಖಾಲಿ ಇರ್ತದೆ. ನಾನೇ ತೊಳಿಯೋದು.”

ಜೂನ್ ಇಪ್ಪತ್ತೈದಕ್ಕೆ ಸುನೀಲ ಹೋದ. ಮೂವತ್ತೆಂಟು ವರ್ಷ, ಮೂವತ್ತೊಂದು ಕೆಜಿ. ಆಸ್ಪತ್ರೆಯ ಕಾಗದದ ನಕಲು ನನ್ನ ಹತ್ತಿರ ಇದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು; ನಡೆದದ್ದಂತೂ ನಡೆದದ್ದು. ಆ ಇಪ್ಪತ್ಮೂರು ದಿನದಲ್ಲಿ ಆ ಮನೆಯಲ್ಲಿ ಒಂದು ಮೂಟೆ ರಾಗಿ ಹಿಟ್ಟು ಮುಗಿದಿತ್ತು. ಉಣ್ಣುತ್ತಿದ್ದವಳು ಲತಾ ಒಬ್ಬಳೇ.