ಒಂದು ಉತ್ತರ ಹೆಚ್ಚು

ಬಸ್ಸಿಗೆ ಕಾದು ಕಾದು ಕಾಲು ಸೋತಿದ್ದ ದರ್ಜಿಯ ಮುಂದೆಯೇ ವಿಜ್ಞಾನದ ಟೀಚರಮ್ಮಂದಿರಿಬ್ಬರು ನಿಂತಿದ್ದರು. ಕಿರಿಯಾಕೆ ಫೋನನ್ನು ಚೀಲಕ್ಕೆ ಹಾಕುವಳು, ಮರುಗಳಿಗೆಗೆ ತೆಗೆಯುವಳು. ಬೇಡವೆಂದರೂ ದರ್ಜಿಯ ಕಿವಿ ಅತ್ತಲೇ ವಾಲಿತ್ತು.

“ಮಕ್ಕಳಿಗೆ ಫೋನಲ್ಲೇ ಟೆಸ್ಟ್ ಕೊಟ್ಟೆ ಅಕ್ಕಾ, ಹೆಸರು ಹಾಕೋದು ಬೇಡ ಅಂತ. ಮಂಜುಗಡ್ಡೆ ಯಾಕೆ ತೇಲುತ್ತೆ?”

“ನೀರಿಗಿಂತ ಹಗುರ, ಅದಕ್ಕೆ. ಅದನ್ನ ಎಲ್ಲರೂ ಒದರ್ತಾರೆ.”

“ಗಟ್ಟಿಯಾದ ಮೇಲೆ ಹಗುರ ಹೇಗಾಗುತ್ತೆ ಅಂತಾನೂ ಕೇಳಿದ್ದೆ. ಕೊನೇಲಿ ‘ಗೊತ್ತಿಲ್ಲ’ ಅನ್ನೋ ಉತ್ತರ ಇಟ್ಟಿದ್ದೆ. ಇಡೀ ಕ್ಲಾಸು ಅದನ್ನೇ ಒತ್ತಿದೆ!”

“ಅಯ್ಯೋ, ಹೆಡ್‌ಮಾಸ್ಟರು ನೋಡಿದ್ರೆ?”

“ಸಂಜೆ ನೋಡೇ ನೋಡ್ತಾರೆ.”

ಹಿರಿಯಾಕೆ ಆ ಫೋನಿನೊಳಗೆ ಇಣುಕಿದಳು. “ಇದೇನೇ, ಮಕ್ಕಳಿಗಿಂತ ಒಂದು ಉತ್ತರ ಹೆಚ್ಚಿದೆ?”

“ಅದು ನಂದು.”

“ನೀನೇನು ಒತ್ತಿದೆ?”

“ಅದನ್ನೇ.”

ಬಸ್ಸು ಬಂದು ನಿಂತಿತು. ಹಿರಿಯಾಕೆ ಮಾತ್ರ ಕದಲಲಿಲ್ಲ.

“ಟೆಸ್ಟ್ ಇನ್ನೂ ತೆರೆದಿದೆಯಾ?”

“ಸಂಜೆವರೆಗೂ ಇದೆ.”

“ನಂಗೂ ಕಳಿಸು.”

ಕನ್ನಡಕವನ್ನು ಹಣೆಗೇರಿಸಿ ಆಕೆ ತನ್ನ ಫೋನಿನ ಮೇಲೆ ಒಮ್ಮೆ ಬೆರಳೊತ್ತಿದಳು. ಕಿರಿಯಾಕೆಯ ಕೈಯಲ್ಲಿ ಟಿಣ್ಣೆಂದಿತು.

“ಅಕ್ಕಾ, ನೀವೂನಾ?”

“ಇಷ್ಟು ವರ್ಷದಲ್ಲಿ ನನ್ನನ್ನ ಯಾರೂ ಕೇಳೇ ಇರಲಿಲ್ಲ ಕಣೇ. ಬಸ್ ಹತ್ತು ಮೊದಲು.”

ಇಬ್ಬರನ್ನೂ ಹತ್ತಿಸಿಕೊಂಡು ಬಸ್ಸು ಹೊರಟುಹೋಯಿತು. ತಾನೂ ಅದನ್ನೇ ಹತ್ತಬೇಕಿತ್ತೆಂಬುದು ದರ್ಜಿಗೆ ಆಮೇಲೆ ಹೊಳೆಯಿತು.