ನೆಡ್ರಾ ನೋಡಿದ ಕಮಾನು

...ಸರಿ ಕಣೇ, ಅದು ನಲ್ಲಿ ಕಂಬ. ಒಪ್ಕೊಂಡೆ. ಈಗೇನು, ಊರಿಗೆಲ್ಲ ಡಂಗುರ ಹೊಡೆಸ್ತೀಯಾ? ಕಂಬಕ್ಕೂ ಪಾರ್ಕ್ ಕಾಯೋ ರೇಂಜರ್ ಪ್ಯಾಂಟಿಗೂ ಒಂದೇ ಹಸಿರು ಬಳಿದ್ರೆ ಅದು ನನ್ನ ತಪ್ಪಾ? ಮೇಲೆ ಯಾವನೋ ಪುಣ್ಯಾತ್ಮ ಟೋಪಿ ಬೇರೆ ಮರ್ತು ಹೋಗಿದ್ದ. ಹಸಿರು ಮೈ, ತಲೆ ಮೇಲೆ ಟೋಪಿ... "ಸರ್, ಆ ಕಲ್ಲಿನ ಕಮಾನು ನೋಡೋಕೆ ಯಾವ ಕಡೆ ಹೋಗ್ಬೇಕು" ಅಂತ ಮರ್ಯಾದೆಯಾಗಿ ಕೇಳ್ದೆ. ಸರ್ಕಾರಿ ಕೆಲಸದವರು, ಮಾತಾಡಿದ್ರೆ ಮುತ್ತು ಉದುರುತ್ತೆ ಅಂತ ಸುಮ್ನಾದೆ.

ನಗಬೇಡ್ವೇ, ಲರೂ! ನೀರು ತುಂಬಿಸ್ಕೊಂಡು ಬರ್ತೀನಿ ಅಂತ ಹೋದವಳು ಅಲ್ಲೇ ನಿಂತು ತಮಾಷೆ ನೋಡ್ತಿದ್ಯಲ್ಲ, "ಅಕ್ಕಾ, ಅದು ಮನುಷ್ಯ ಅಲ್ಲ" ಅಂತ ಒಂದು ಸಲ ಕೂಗಬಾರ್ದಿತ್ತಾ? ಒಡಹುಟ್ಟಿದವಳಂತೆ!

ಬಿಸಿಲು ಕಣೇ, ಬಿಸಿಲು. ಯೂಟಾದ ಈ ಬಿಸಿಲಲ್ಲಿ ಯಾರಿಗೆ ನೆಟ್ಟಗೆ ಕಾಣುತ್ತೆ? ಹದ್ದಿಗೂ ಕಾಣಲ್ಲ. ಅದೂ ಹೋಗಿ ಕಂಬದ ಮೇಲೇ ಕೂರುತ್ತೆ.

ಬಾ, ಕೂತ್ಕೋ. ನೀನು ಬರೋ ಹೊತ್ತಿಗೆ ಎಂಥ ಜಾಗ ಹಿಡ್ದಿದೀನಿ ನೋಡು. ಬೆಂಚು ಖಾಲಿ, ಬಿಸಿಲು ಬೆನ್ನಿಗೆ, ಕಮಾನು ಎದುರಿಗೆ. ಸ್ಯಾಂಡ್‌ವಿಚ್ ತಗೋ. ಟ್ಯೂನಾ ಹಾಕಿದ್ದು ನಿಂದು... ಅಲ್ವಾ? ಇದು ಪೀಚ್ ಜಾಮಾ? ಅಯ್ಯೋ, ಎರಡನ್ನೂ ಒಂದೇ ಬ್ರೆಡ್ಡಿಗೆ ಹಾಕ್ಬಿಟ್ನಾ? ತಿನ್ನೇ, ಹೊಟ್ಟೆಯೊಳಗೆ ಹೋದ್ಮೇಲೆ ಎಲ್ಲಾ ಒಂದೇ. ಅಮ್ಮ ಕ್ಯಾರೆಟ್ ತುರಿದು ಜೆಲ್ಲಿಗೆ ಹಾಕ್ತಿದ್ಲು, ಆಗ ಏನಾದ್ರೂ ಮಾತಾಡಿದ್ಯಾ?

ಏನಂದೆ? ಬೆಳಗ್ಗೆ ಹಾರ್ನ್ ಹೊಡೆದಿದ್ದಾ? ಅದು ನನಗಲ್ಲ ಬಿಡು. ನಮ್ಮೂರ ಐಡಹೋ ನಂಬರ್ ಪ್ಲೇಟ್ ನೋಡಿ ಪ್ರೀತಿಯಿಂದ ಹೊಡೀತಿದ್ರು. ಹಿಂದೆ ಉದ್ದಕ್ಕೆ ಕಾರು ನಿಂತಿದ್ವಾ? ನಿಲ್ಲಲಿ! ಇಂಥಾ ಕೆಂಪು ಬಂಡೆ ಬಿಟ್ಟು ಗಾಳಿ ಥರ ಓಡ್ತಾರಲ್ಲ, ಅವರಿಗೇನು ಮನೆಗೆ ಬೆಂಕಿ ಬಿದ್ದಿದ್ಯಾ? ನಾನು ಮನೆಗಾಡಿಯನ್ನ ಮೆಲ್ಲಗೆ ಓಡಿಸಿದ್ದಕ್ಕೇ ತಾನೆ ಅವರೂ ಬಂಡೆ ನೋಡಿದ್ದು? ನನಗೆ ಪುಣ್ಯ ಬರ್ಬೇಕು. ಕತ್ತಾ? ಕತ್ತಿನ ವಿಷಯ ಹೇಳಿದ್ನಲ್ಲ, ಉಳುಕಿದೆ ಅಂತ. ಅದಕ್ಕೇ ಮುಖ ಒಂದ್ಕಡೆ ತಿರುಗಿಸ್ಕೊಂಡು ಓಡಿಸೋದು. ಝಯಾನ್ ಪಾರ್ಕಿನಲ್ಲಿ ಆ ಮರ ತಾಗಿ ಗಾಡಿಯ ನೆರಳಿನ ಪರದೆ ಹರೀತಲ್ಲ, ಅದಕ್ಕೂ ಕತ್ತಿಗೂ ಸಂಬಂಧ ಇಲ್ಲ. ಆ ಮರವೇ ಸರಿ ಇರ್ಲಿಲ್ಲ. ರಸ್ತೆಗೇ ಬಂದು ನಿಂತಿತ್ತು, ಅಪಶಕುನದ್ದು.

ಅದಕ್ಕಿಂತ ನಿಂದೇ ಒಂದು ಕಾಟ. ದಾರಿ ಉದ್ದಕ್ಕೂ ಬೋರ್ಡು ಓದೋದು! "ಅಕ್ಕಾ, ಎಡಕ್ಕೆ ತಿರುವು." "ಅಕ್ಕಾ, ದನ ಅಡ್ಡ ಬರ್ತಾವಂತೆ." "ಅಕ್ಕಾ, ಪಾರ್ಕಿಂಗ್ ಬಲಗಡೆ." ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳ್ಕೊಟ್ಟೂ ಕೊಟ್ಟೂ ನಿನ್ನ ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ಬಾಯಿ ಮುಚ್ಚು ಅಂದ್ರೂ ಮುಚ್ಚಲ್ಲ. ಮೊದ್ಲು ಇಷ್ಟು ಮಾತಾಡ್ತಿರ್ಲಿಲ್ಲ ನೀನು.

ಯಾಕೆ ನಗ್ತೀಯಾ ಮತ್ತೆ? ಓ... ಆ ಜರ್ಮನಿಯವನ್ನ ನೆನೆಸ್ಕೊಂಡ್ಯಾ? ಬೇಡ ಲರೂ, ಅದನ್ನ ಎತ್ಬೇಡ. ದೇವರಾಣೆಗೂ ನಾಚಿಕೆ ಆಗುತ್ತೆ. ಕ್ಯಾಪಿಟಲ್ ರೀಫ್ ಪಾರ್ಕಿನಲ್ಲಿ ಹತ್ತು ಜನರಲ್ಲಿ ಎಂಟು ಜನ ನಿನ್ನ ಥರಾನೇ ಹಳದಿ ಜಾಕೆಟ್ ಹಾಕ್ಕೊಂಡು ನಡೀತಾ ಇದ್ರೆ ನಾನೇನು ಮಾಡ್ಲಿ? ನಿನ್ನ ಬೆನ್ನುಚೀಲದ ಪಟ್ಟಿ ಹಿಡ್ಕೊಂಡು ಬರ್ತಿದ್ದೆ. ನಿನ್ನ ಕ್ಷೇಮಕ್ಕೇ ಕಣೇ, ಕಲ್ಲು ದಾರಿ, ನೀನು ಎಡವಿಬಿಡ್ತೀಯ ಅಂತ. ನಡುವೆ ನೀರು ಕುಡಿಯೋಕೆ ಬಿಟ್ಟೆ, ಮತ್ತೆ ಹಿಡ್ಕೊಂಡೆ. ಹಳದಿ ಜಾಕೆಟ್, ಅದೇ ಪಟ್ಟಿ! ಮುಂದಿನ ತಿರುವು ದಾಟಿ, ಕಣಿವೆಗೆ ಇಳಿದು, ಮತ್ತೆ ಹತ್ತಿ... ಅಷ್ಟು ದೂರವೂ ಅವನಿಗೆ ನನ್ನ ಪಿತ್ತಕೋಶದ ಆಪರೇಷನ್ ಕಥೆ ಹೇಳಿದೀನಿ. ಪಾಪ, ಒಳ್ಳೇ ಮನುಷ್ಯ. "ಯಾ, ಯಾ" ಅನ್ನೋನು. ನಾನಂದ್ಕೊಂಡೆ, ನಿನಗೆ ಗಂಟಲು ಕಟ್ಟಿದೆ ಅಂತ. ಕೊನೆಗೆ ತಿರುಗಿ ಟೋಪಿ ತೆಗೆದು ಹೆಸರು ಹೇಳ್ದಾಗ... ಸಾಕು ನಗು, ಟ್ಯೂನಾ ಮೂಗಿಗೆ ಹತ್ತುತ್ತೆ!

ಆ ಮಾತನ್ನ ಕೊಲೀನ್‌ಗೆ ಮಾತ್ರ ಹೇಳ್ಬೇಡ. ನಿನ್ನೆ ಫೋನ್ ಮಾಡಿದ್ಲಲ್ಲ, ಏನೇನು ಕೇಳಿದ್ಲು? ಮಗಳಾಗಿ ಹುಟ್ಟಿ ನನಗೇ ಅತ್ತೆ ಆಗಿದಾಳೆ. "ಅಮ್ಮಾ, ಕಣ್ಣಿನ ಡಾಕ್ಟರು ಏನಂದ್ರು?" ಏನಂತಾರೆ, ಹನಿ ಬರ್ಕೊಟ್ರು, ಹಾಕ್ಕೊಳ್ತಿದೀನಿ, ಮುಗೀತು. ಅವಳಪ್ಪ ವೆಂಡೆಲ್ ಪ್ರೀತಿಯಿಂದ ತಗೊಂಡ ಗಾಡೀನ ಮಾರಿಸಿ, ನನ್ನನ್ನ ಬಾಯ್ಸಿಯಲ್ಲಿರೋ ಅವಳ ಮನೆಗೆ ಕರ್ಕೊಂಡು ಹೋಗಿ ಕಿಟಕಿ ಪಕ್ಕ ಕುರ್ಚಿ ಹಾಕಿ ಕೂರಿಸ್ಬೇಕು ಅವಳಿಗೆ. ನೋಡ್ತೀನಿ ಅದು ಹೇಗೆ ಕೂರಿಸ್ತಾಳೋ!

ಹೋಗ್ಲಿ. ನೋಡು, ಕಮಾನು ನೋಡು. ಅಬ್ಬಾ... ಇದಕ್ಕೇ ಬಂದಿದ್ದು ನಾನು. ವೆಂಡೆಲ್ ಜೊತೆ ಬಂದಾಗ ತಲೆನೋವು ಅಂತ ಗಾಡಿಯಲ್ಲೇ ಮಲಗ್ಬಿಟ್ಟೆ. "ಎದ್ದು ಬಾರೇ ನೆಡ್ರಾ, ಐದು ನಿಮಿಷದ ದಾರಿ" ಅಂದ. ಇನ್ನೊಂದ್ಸಲ ಬರ್ತೀವಲ್ಲ, ಆಗ ನೋಡಿದ್ರಾಯ್ತು, ಅಂದೆ. ಅವನು ಒಬ್ಬನೇ ಹೋಗಿ ಬಂದು ಊಟ ಮಾಡೋವಾಗೆಲ್ಲ ಅದೇ ಮಾತು. ಆಮೇಲೆ ಮುಂದಿನ ಚಳಿಗಾಲಕ್ಕೇ ದೇವರ ಹತ್ರ ಹೊರಟುಹೋದ.

ಎಷ್ಟು ಗಂಭೀರವಾಗಿ ನಿಂತಿದೆ, ಅಲ್ವಾ? ಕೆಂಪು ಅಂದ್ರೆ ಕೆಂಪು. ಎಡಗಡೆ ಅಂಚು ಎಷ್ಟು ನೆಟ್ಟಗಿದೆ, ಯಾರೋ ದಾರ ಹಿಡಿದು ಕಟ್ಟಿದ ಹಾಗೆ. ದೇವರ ಕೈ ಕಣೇ! ಕೆಳಗೆ ಜನ ನೋಡು. ಎಷ್ಟು ಶ್ರದ್ಧೆ! ಸಾಲಾಗಿ ನಿಂತಿದಾರೆ, ತಳ್ಳಾಟ ಇಲ್ಲ, ಗಲಾಟೆ ಇಲ್ಲ. ಹೆಂಗಸರೇ ಜಾಸ್ತಿ. ಒಬ್ಬೊಬ್ಬರೇ ಒಳಗೆ ಹೋಗ್ತಾರೆ, ಸ್ವಲ್ಪ ಹೊತ್ತು ಇರ್ತಾರೆ, ಹೊರಗೆ ಬರ್ತಾರೆ. ಹೋಗೋವಾಗ ಒಂಥರ ಅವಸರ, ಬರೋವಾಗ ನಡಿಗೆಯೇ ಬೇರೆ. ಎಷ್ಟು ನೆಮ್ಮದಿ! ಇಂಥ ಜಾಗಕ್ಕೆ ಬಂದ್ರೆ ಮನಸ್ಸು ಹಗುರ ಆಗುತ್ತೆ ಅಂತ ವೆಂಡೆಲ್ ಹೇಳಿದ್ದು ಸುಳ್ಳಲ್ಲ. ನಾವೂ ಹೋಗಿ ಒಂದು ಫೋಟೋ...

ಯಾಕೆ ನಗು ನಿಲ್ಲಿಸಿದೆ?

ಲರೂ?

ತಿಂತಾನೂ ಇಲ್ಲ. ಏನಾಯ್ತೇ? ಚೆನ್ನಾಗಿಲ್ವಾ ಕಮಾನು? ನಿನ್ನನ್ನೇ ಕೇಳ್ತಿರೋದು... ಆ ಶಬ್ದ ಏನು? ನೀರು ಬಿಟ್ಟ ಹಾಗೆ... ಮತ್ತೆ ಅದೇ. ಬಾಗಿಲು ಬಡಿದ ಸದ್ದು. ಕಮಾನಿಗೆ ಬಾಗಿಲು ಎಲ್ಲಿ ಬರುತ್ತೆ?

ಲರೂ, ಒಂದು ಮಾತು ಹೇಳು. ಇದು ಕಮಾನೇ ತಾನೆ?

ಸುಮ್ನೆ ಇರ್ಬೇಡ. ನೀನು ಸುಮ್ನಿದ್ರೆ ನನಗೆ ಭಯ ಆಗುತ್ತೆ. ಇದು... ಇದೇನು, ಪಾಯಿಖಾನೆನಾ? ಹೆಂಗಸರ ಪಾಯಿಖಾನೆ ಮುಂದೆ ಕೂತು ನಾನು ದೇವರ ಕೈ ಅಂತಿದೀನಾ? ಅವರೆಲ್ಲ ಶ್ರದ್ಧೆಯಿಂದ ನಿಂತಿದ್ದು... ಅಯ್ಯೋ ನನ್ನ ಕರ್ಮವೇ!

ನಗು. ಈಗ ನಗು ಅಂತ ನಾನೇ ಹೇಳ್ತಿದೀನಿ. ಯಾಕೆ ನಗ್ತಿಲ್ಲ ನೀನು?

...ಗೊತ್ತಾಯ್ತಾ?

ಅಥವಾ ಮೊದ್ಲೇ ಗೊತ್ತಿತ್ತಾ? ಹೇಳು. ಬಾಯಿ ಬಿಟ್ಟು ಹೇಳೇ, ಬರೀ ತಲೆ ಆಡಿಸಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ನಿನ್ನ ತಲೆ ಇರೋ ಜಾಗದಲ್ಲಿ ನನಗೆ ಒಂದು ಬೂದು ಮುದ್ದೆ ಇದೆ ಅಷ್ಟೇ. ನೆಟ್ಟಗೆ ಯಾವುದನ್ನ ನೋಡಿದ್ರೂ ಅದೇ ಮುದ್ದೆ. ಸುತ್ತ ಅಂಚು ಮಾತ್ರ ಉಳಿದಿದೆ. ಹನಿ ಗಿನಿ ಏನೂ ಬರ್ಕೊಡ್ಲಿಲ್ಲ ಆ ಡಾಕ್ಟರು. "ನೆಡ್ರಾ ಅವರೇ, ಕಣ್ಣಿನ ನಡುಭಾಗ ಸವೆದು ಹೋಗಿದೆ, ಇನ್ನು ಸ್ಟೀರಿಂಗ್ ಮುಟ್ಬೇಡಿ" ಅಂದ. ಆಯ್ತಪ್ಪ ಅಂದೆ. ಮನೆಗೆ ಬಂದು ನಿನಗೆ ಫೋನ್ ಮಾಡಿ, ಹೊರಡೇ ಮರುಭೂಮಿ ನೋಡೋಣ ಅಂದೆ. ಅಂಚು ಹೋಗೋಕ್ ಮುಂಚೆ ನೋಡ್ಬೇಕಿತ್ತು. ಅಂಚಿಂದ ರಸ್ತೆ ನೋಡೋಕೇ ಕತ್ತು ಉಳುಕಿದೆ ಅಂತ ಸುಳ್ಳು ಹೇಳಿದ್ದು... ಕೈ ಹಿಡ್ಕೊಂಡ್ಯಾ? ಸರಿ, ಮಾತು ಬರ್ದಿದ್ರೆ ಕೈಯಲ್ಲೇ ಹೇಳು. ಹೌದು ಅಂದ್ರೆ ಹಿಚುಕು. ಆ ಮರ ತಾಗಿದಾಗ ಗೊತ್ತಾಯ್ತಾ?... ಅದಕ್ಕೂ ಮುಂಚೆನಾ?... ಐಡಹೋ ದಾಟೋಕೂ ಮುಂಚೆನಾ?!

ಅಂದ್ರೆ ಆ ಬೋರ್ಡು ಓದಿದ್ದೆಲ್ಲ...

ನಿನ್ನ ತಲೆ ಸರಿ ಇದ್ಯೇನೇ? ಡ್ರೈವರ್‌ಗೆ ಕಣ್ಣಿಲ್ಲ ಅಂತ ಗೊತ್ತಿದ್ದೂ ಪಕ್ಕದಲ್ಲಿ ಕೂತು ಇಷ್ಟು ದೂರ ಬಂದ್ಯಾ? ನಾನೊಬ್ಬಳೇ ಹುಚ್ಚಿ ಅಂದ್ಕೊಂಡಿದ್ದೆ! ಬೇರೆ ಯಾರಿಗಾದ್ರೂ ಏನಾದ್ರೂ ಆಗಿದ್ರೆ? ಅಷ್ಟು ಕಾರು, ಅಷ್ಟು ಮಕ್ಕಳು... ತಪ್ಪು ಕಣೇ ನಂದು. ಅಕ್ಕ ಹಟ ಹಿಡಿದ್ರೆ ತಂಗಿಯಾದವಳು ಕೆನ್ನೆಗೊಂದು ಬಿಡ್ಬೇಕು, ಬೋರ್ಡು ಓದೋದಲ್ಲ.

ತಗೋ, ಕೀ. ತಗೊಳ್ಳೇ, ಮನಸ್ಸು ಬದಲಾಗೋಕ್ ಮುಂಚೆ. ಓಡಿಸೋಕೆ ಬರಲ್ಲ ಅಂತೆಲ್ಲ ನಾಟಕ ಬೇಡ. ಹದಿನಾಲ್ಕನೇ ವಯಸ್ಸಿಗೇ ಆಲೂಗಡ್ಡೆ ಲಾರಿ ಓಡಿಸಿ ಅಪ್ಪನ ಬೇಲಿ ಮುರಿದವಳು ನೀನು. ಇನ್ಮೇಲೆ ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕ್ತೀನಿ. ಅದಕ್ಕೆ ಕಣ್ಣು ಬೇಕಾಗಿಲ್ಲ. ಕೊಲೀನ್‌ಗೆ ಇವತ್ತೇ ನಾನೇ ಹೇಳ್ತೀನಿ. ಬೈತಾಳೆ, ಬೈಸ್ಕೋತೀನಿ. ಗಾಡಿ ಮಾರು ಅಂದ್ರೆ ಲರೂ ಓಡಿಸ್ತಾಳೆ ಅಂತೀನಿ. ಸರಿನಾ? ಹಿಚುಕು. ಇಷ್ಟು ಜೋರಾಗಿ ಬೇಡ್ವೇ, ಉಂಗುರ ಒತ್ತುತ್ತೆ!

ಎಬ್ಬಿಸು ನನ್ನ. ಎಲ್ಲಿದೆ ಆ ನಿಜವಾದ ಕಮಾನು? ಬೆನ್ನ ಹಿಂದೆನಾ? ಇಷ್ಟು ಹೊತ್ತೂ ಅದು ನಮ್ಮ ಬೆನ್ನ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಳ್ತಿತ್ತಾ?

ತಿರುಗಿದೆ. ಹೂಂ... ನೆಟ್ಟಗೆ ನೋಡಿದ್ರೆ ಬರೀ ಮುದ್ದೆ. ತಡಿ. ನೀನು ಇಲ್ಲಿ ಬಂದು ನಿಲ್ಲು, ನನ್ನ ಎಡಗಡೆ. ನಿನ್ನ ಮುಖ ನೋಡ್ತೀನಿ, ಆಗ ಅದು ಅಂಚಿಗೆ ಬರುತ್ತೆ. ಅಲ್ಲಾಡ್ಬೇಡ... ಅಲ್ಲಾಡ್ಬೇಡ್ವೇ... ಬಂತು! ನಿನ್ನ ಕಿವಿ ಪಕ್ಕದಲ್ಲಿ ಕೆಂಪಗೆ, ಇಷ್ಟು ದಪ್ಪ, ನಡುವೆ ತೂತು, ತೂತಿನ ತುಂಬಾ ನೀಲಿ ಆಕಾಶ! ಅಯ್ಯೋ ವೆಂಡೆಲ್, ಎದ್ದು ಬರ್ಬೇಕಿತ್ತು ಕಣೋ ನಾನು ಅವತ್ತು...

ಕಮಾನು ಕಂಡಾಗ ನೀನು ಕಾಣಲ್ಲ ನೋಡು. ಈಗ ಕಮಾನನ್ನೇ ನೆಟ್ಟಗೆ ನೋಡ್ತೀನಿ, ಅದು ಹೋಯ್ತು... ನೀನು ಬಂದೆ, ಅಂಚಿಗೆ. ಹಳದಿ ಜಾಕೆಟ್. ಕೈ ಮೇಲೆ ಹೋಯ್ತು. ಬೆಳ್ಳಗೆ ಏನೋ... ಕರ್ಚೀಫು.

ಒರೆಸ್ಕೋ, ಒರೆಸ್ಕೋ. ಕಾಣಲ್ಲ ಅಂದ್ಕೊಂಡ್ಯಾ?