ಸ್ವಂತ ಇಷ್ಟದಿಂದ

ಬಾಶೆಟ್ಟಿಹಳ್ಳಿಯಲ್ಲಿ ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಶಿಫ್ಟು ಮುಗಿಸಿ ಬಂದ ಇಬ್ಬರು ಗಾರ್ಮೆಂಟ್ಸ್ ಹೆಂಗಸರು ನಿಂತಿದ್ದರು. ಹಿರಿಯಳು ಕಿರಿಯಳ ಮುಂದೆ ಒಂದು ಕಾಗದ ಹಿಡಿದಿದ್ದಳು.

“ಸೂಪರ್‌ವೈಸರ್ ಕೊಟ್ಟವ್ರೆ ರೂಪ. ಇದನ್ನ ನೋಡ್ಕೊಂಡು ನಿನ್ ಕೈಯಲ್ಲೇ ಬರ್ಕೊಡ್ಬೇಕಂತೆ.”

“ಸ್ವಂತ ಇಷ್ಟದಿಂದ ಕೆಲಸ ಬಿಡ್ತಿದ್ದೀನಿ ಅಂತಾನಾ? ನಾನು ಬರಿಯಲ್ಲ, ಮುನಿತಾಯಕ್ಕ.”

“ತಿಂಗಳು ಮುಂಚೆ ನೋಟಿಸ್ ಕೊಡ್ಬೇಕಲ್ವೇನೇ?”

“ಅದು ಮಧ್ಯದಲ್ಲಿ ಬಿಡೋರಿಗೆ. ನನ್ ಕಾಂಟ್ರ್ಯಾಕ್ಟು ಮೂವತ್ತೊಂದಕ್ಕೆ ತಾನಾಗೇ ಮುಗೀತದೆ. ಹಂಗಂತ ಅವರೇ ಬರ್ಕೊಡ್ಲಿ.”

“ಲಾಯರ್ ಆಗ್ಬುಟ್ಟೆ ಬಿಡು. ಬರ್ಕೊಡ್ಲಿಲ್ಲ ಅಂತ, ಯಾವಾಗ್ಲೂ ತಗೊಳ್ಳೋ ಹಂಗೆ ವಾರ ಬಿಟ್ಟು ಮತ್ತೆ ಕೆಲಸಕ್ಕೆ ತಗೊಳ್ದಿದ್ರೆ?”

“ತಗೊಂಡ್ರೂ ಹೊಸಬಳು ಅಂತಾನೇ ಕಾರ್ಡು ಕೊಡ್ತಾರೆ. ನಾಲ್ಕು ವರ್ಷದಿಂದ ಕಾಲರ್ ಹೊಲಿತಿದ್ದೀನಿ, ಇನ್ನೂ ಹೊಸಬಳೇ. ಬೇರೆ ಕಡೆ ಕೇಳ್ತೀನಿ, ಸುಳ್ಳು ಬರಿಯಲ್ಲ.”

“ನಾವೆಲ್ಲ ಬರ್ಕೊಟ್ಟಿಲ್ವಾ?”

“ನೀನೆಷ್ಟು ಸಲ ಕೊಟ್ಟೆ?”

“ಐದು.”

“ಒಂದ್ಸಲನಾದ್ರೂ ಬಿಡೋ ಇಷ್ಟ ಇತ್ತಾ ಅಕ್ಕಾ?”

ಬಸ್ಸು ಬರುವುದು ಕಾಣಿಸಿತು. ಊಟದ ಡಬ್ಬಿಯಿಂದ ಚೀಲದೊಳಗೆ ಸೋರಿದ್ದ ಸಾರನ್ನು ಮುನಿತಾಯಮ್ಮ ಆ ಕಾಗದದಿಂದಲೇ ಒರೆಸಿ, ಉಂಡೆ ಮಾಡಿ ಎಸೆದು, ರೂಪಳ ಹಿಂದೆಯೇ ಹತ್ತಿದಳು.